ಭೂಮಣ್ಣಿ ಬುಟ್ಟಿಯ ಕೊಡೆ ತಿಮ್ಮ

ನನಗೊಂದು ಚಾಳಿ ಇದೆ. ಮನೆಯ ಯಾವ ವಸ್ತು ಕೆಲಸ ಮಾಡದೆ ಮುಷ್ಕರ ಹೂಡಿದರೂ ಮೊದಲು ಅದನ್ನು ಬಾಯಿಯ ಹತ್ತಿರ ಹಿಡಿದು ಉಫ್ ಎಂದು ಊದುತ್ತೇನೆ. ಟಿವಿಯ ರಿಮೋಟು, ಮೊಬೈಲಿನ ಸಿಮ್ಮು, ಮಿಕ್ಸಿಯ ಪ್ಲಗ್ಗು, ಗ್ಯಾಸ್ ಲೈಟರು, ಯಾವುದಕ್ಕೂ ರಿಯಾಯಿತಿ ಇಲ್ಲ. ಹೊಸನಗರದಲ್ಲಿ ಒಮ್ಮೆ ಎಟಿಎಂ ನನ್ನ ಕಾರ್ಡನ್ನು ಒಪ್ಪದೆ ವಾಪಸು ಉಗುಳಿತು. ನಾನು ಅದನ್ನು ಊದಿ, ಸೆರಗಿನಿಂದ ಒರೆಸಿ, ಮತ್ತೊಮ್ಮೆ ಊದಿದೆ. ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರು ಬಹಳ ವಿನಯದಿಂದ, "ಮೇಡಮ್ಮೋರೆ, ದೃಷ್ಟಿ ತೆಗ್ದು ಮುಗೀತಾ? ನಂಗೆ ಬಸ್ಸಿದೆ" ಎಂದರು.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಲಸಾಅ, ಮಸಾಅ ಎಂದು ಎಷ್ಟು ಬಾಯಿ ಬಡಿದುಕೊಂಡರೂ ತಲೆಗೆ ಹತ್ತಿಸಿಕೊಳ್ಳದ ನಮ್ಮ ಮಕ್ಕಳು, ನಾನು ಒಂದೇ ಒಂದು ಸಲ ಪೆನ್ ಡ್ರೈವ್ ಊದಿ ಕಂಪ್ಯೂಟರಿಗೆ ಚುಚ್ಚಿದ್ದನ್ನು ನೋಡಿ ಕಲಿತುಬಿಟ್ಟರು. ಈಗ ಜಾಮಿಟ್ರಿ ಬಾಕ್ಸಿನ ಮುಚ್ಚಳ ತೆಗೆಯಲು ಬಾರದಿದ್ದರೂ ಊದುತ್ತಾರೆ. ನನ್ನಿಂದ ಶಿಷ್ಯಪರಂಪರೆಗೆ ಪೂರ್ತಿಯಾಗಿ ದಾಟಿದ ವಿದ್ಯೆ ಇದೊಂದೇ ಇರಬೇಕು. ನನ್ನ ಯಜಮಾನರಂತೂ ಜ್ವರ ಬಂದು ಮಲಗಿದ್ದಾಗ ಹತ್ತಿರ ಹೋದರೆ ಕಂಬಳಿ ಮುಖಕ್ಕೆಳೆದುಕೊಂಡು, "ನನ್ನನ್ನ ಮಾತ್ರ ಊದ್ಬೇಡ ಮಾರಾಯ್ತಿ, ಮಾತ್ರೆ ಕೊಡು" ಎಂದರು.

ಈ ಚಾಳಿ ಹುಟ್ಟಿದ್ದು ಕೆಳದಿಯ ಹತ್ತಿರ, ನಮ್ಮ ಬಂಗಾರತ್ತೆಯ ಮನೆಯ ಜಗಲಿಯಲ್ಲಿ. ಬಂಗಾರತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಬೇಸಿಗೆ ರಜೆ, ದಸರಾ ರಜೆ, ಕೊನೆಗೆ ಅಪ್ಪನ ಜೊತೆ ಜಗಳವಾಡಿದ ರಜೆ, ಎಲ್ಲಕ್ಕೂ ನಾನು ಓಡುತ್ತಿದ್ದದ್ದು ಅಲ್ಲಿಗೇ. ಅತ್ತೆಯ ಮಗ ಗಣಪತಿ ಭಾವ ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಗದ್ದೆಗೆ ಗೊಬ್ಬರ ತರುತ್ತೇನೆಂದು ಸಾಗರಕ್ಕೆ ಹೋದವನು ಸಂಜೆ ಗೊಬ್ಬರದ ಮೂಟೆಯ ಮೇಲೆ ಒಂದು ಟಿವಿ ಗೇಮನ್ನು ಕೂರಿಸಿಕೊಂಡು ಬಂದ. ಮಾವ ಗೊಬ್ಬರದ ಮೂಟೆಯನ್ನು ನೋಡಿದರು, ಟಿವಿ ಗೇಮನ್ನು ನೋಡಿದರು, ಮಗನನ್ನು ನೋಡಿದರು. ಆಮೇಲೆ ದನಕ್ಕೆ ಹುಲ್ಲು ಹಾಕಲು ಹೋದರು. ಅವರು ಬೈದಿದ್ದರೆ ವಾಸಿಯಿತ್ತು ಎಂದು ಭಾವ ಈಗಲೂ ಹೇಳುತ್ತಾನೆ.

ಆ ಯಂತ್ರದ ಜೊತೆ ಬಂದದ್ದು ಒಂದೇ ಒಂದು ಹಳದಿ ಕ್ಯಾಸೆಟ್ಟು. ಅದರ ಮೇಲಿನ ಚೀಟಿ ಅರ್ಧ ಕಿತ್ತುಹೋಗಿ ಆಟದ ಹೆಸರೇನೆಂದು ತಿಳಿಯುತ್ತಿರಲಿಲ್ಲ. ಕ್ಯಾಸೆಟ್ಟು ಹಾಕಿದರೆ ಮೊದಲು ಪರದೆಯ ತುಂಬ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ತೆಗೆದು ಊದಿ ಮತ್ತೆ ಹಾಕಬೇಕು. ಭಾವ ಸೀಟಿ ಹೊಡೆಯುವ ಹಾಗೆ ತೆಳ್ಳಗೆ ಊದುತ್ತಿದ್ದ. ನನ್ನದು ಜೋರು, ಜೊತೆಗೆ ಸ್ವಲ್ಪ ಎಂಜಲಿನ ಸಿಂಚನ. ಇಬ್ಬರೂ ಸೋತು ಕೂತಿದ್ದ ಒಂದು ದಿನ ಬಂಗಾರತ್ತೆ ಅಡಿಗೆಮನೆಯಿಂದ ಒಲೆ ಊದುವ ಊದುಗೊಳವೆಯನ್ನೇ ಹಿಡಿದು ಬಂದು, "ಇತ್ಲಾಗೆ ಕೊಡಿ" ಎಂದು ಕ್ಯಾಸೆಟ್ಟನ್ನು ಕಸಿದುಕೊಂಡು ಎದೆಯ ಉಸಿರನ್ನೆಲ್ಲ ಒಳಕ್ಕೆ ಬಿಟ್ಟರು. ಕೊಳವೆಯಲ್ಲಿದ್ದ ಬೂದಿಯೂ ಒಳಕ್ಕೆ ಹೋಯಿತು. ಭಾವ ಕಣ್ಣು ಮುಚ್ಚಿಕೊಂಡ. ಹಾಕಿ ನೋಡಿದರೆ ಚಿತ್ರ ಕನ್ನಡಿಯ ಹಾಗೆ ಬಂತು. ಅಂದಿನಿಂದ ಊದುವ ಖಾತೆ ಅತ್ತೆಯದಾಯಿತು.

ಆ ಆಟದಲ್ಲಿ ಒಬ್ಬ ಗಿಡ್ಡ. ಅವನ ಕೈಯಲ್ಲಿ ಅವನಿಗಿಂತ ದೊಡ್ಡದೊಂದು ಕೊಡೆ. ಒಂದು ಹೊಳೆ, ಹೊಳೆಯಲ್ಲಿ ತೇಲುವ ದಿಮ್ಮಿಗಳು, ಮುಳುಗಿ ಏಳುವ ಆಮೆಗಳು, ಮೇಲಿನಿಂದ ಕಲ್ಲು ಹಾಕುವ ಒಂದು ದರಿದ್ರ ಕಾಗೆ. ಇಷ್ಟನ್ನೂ ದಾಟಿಕೊಂಡು ಅವನು ಆಚೆ ದಡದ ಮನೆಗೆ ಹೋಗಬೇಕು. ಮಳೆ ಮಾತ್ರ ಆಟದಲ್ಲಿ ಎಲ್ಲೂ ಇರಲಿಲ್ಲ. ಆದರೂ ಕೊಡೆ ಬಿಡದ ಅವನನ್ನು ನೋಡಿ ಮಾವ, "ಇಂವ ನಮ್ಮ ಬದೀನವ್ನೇ ಸೈ" ಎಂದರು. ಕೊಡೆ ತಿಮ್ಮ ಎಂದು ಹೆಸರಿಟ್ಟವರೂ ಅವರೇ.

ತಿಮ್ಮ ಮನೆ ಮುಟ್ಟಿದ್ದನ್ನು ನಾವು ಒಂದು ದಿನವೂ ನೋಡಲಿಲ್ಲ. ಕಾಗೆಯನ್ನು ತಪ್ಪಿಸಿಕೊಂಡು, ಕೊನೆಯ ಆಮೆಯ ಬೆನ್ನಿನಿಂದ ದಡಕ್ಕೆ ಹಾರಿ, ದೂರದಲ್ಲಿ ಮನೆಯ ಮಾಡು ಕಾಣಿಸಬೇಕು, ಅಷ್ಟು ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ನಾಡಿಗೆಲ್ಲ ಬೆಳಕು ಕೊಡುವ ಶರಾವತಿ ನಮ್ಮ ಮಗ್ಗುಲಲ್ಲೇ ಹರಿಯುತ್ತಿದ್ದಾಳೆ, ನಮ್ಮ ತಿಮ್ಮನಿಗೆ ಮಾತ್ರ ಮನೆ ಬಾಗಿಲಿನ ತನಕದ ಬೆಳಕಿಲ್ಲ. ಮತ್ತೆ ಕರೆಂಟು ಬಂದರೆ ಅವನು ಈಚೆ ದಡದಲ್ಲಿ, ಏನೂ ಆಗದವನ ಹಾಗೆ ಕೊಡೆ ಹಿಡಿದು ನಿಂತಿರುತ್ತಿದ್ದ.

ಇದು ಅತ್ತೆಗೆ ಸಹಿಸಲಾಗದ ವಿಷಯವಾಗಿತ್ತು. ಸಟ್ಟುಗ ಹಿಡಿದೇ ಅಡಿಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಅಲ್ಲ ಗಣಪ್ತಿ, ಅಷ್ಟು ದೂರ ಹೋದವ್ನು ಮತ್ತೆ ಮೊದ್ಲಿಂದ ಹೋಗ್ಬೇಕಾ? ಇದ್ಯಾವ ನ್ಯಾಯ?"

"ಆಟ ಅಮ್ಮ ಅದು."

"ಅವ್ನಿಗೆ ಆಟ ಅಲ್ವಲ. ಮನೇಲಿ ಯಾರಿದ್ದಾರೆ ಅವ್ನಿಗೆ?"

"ಗೊತ್ತಿಲ್ಲ. ಮನೇನೇ ಸಮಾ ಕಂಡಿಲ್ಲ."

"ಬಾಗ್ಲು ಹಾಕಿದ್ಯೋ ತೆಗ್ದಿದ್ಯೋ?"

ಅದೂ ನಮಗೆ ಗೊತ್ತಿರಲಿಲ್ಲ. ನಾನಂತೂ ಶಾಲೆಯ ನೋಟು ಪಟ್ಟಿಯ ಹಿಂಬದಿ, ಸ್ಲೇಟು, ಹಿತ್ತಿಲ ಗೋಡೆ, ಕಂಡಕಂಡಲ್ಲಿ ತಿಮ್ಮನನ್ನು ಬರೆದೆ. ಒಮ್ಮೆ ಆನಂದಪುರದಲ್ಲಿ ಬಸ್ಸು ತಪ್ಪಿ ಅಪ್ಪ ಯಾರನ್ನೋ ಮಾತಾಡಿಸಲು ಹೋದಾಗ, ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಇದ್ದಿಲಿನಿಂದ ಆಳೆತ್ತರದ ಕೊಡೆಯನ್ನೇ ಬರೆದೆ. ಅದು ಪಂಚಾಯ್ತಿ ಚುನಾವಣೆಯ ಸಮಯ. ನಾನು ತಿಮ್ಮನ ಕಾಲು ಬರೆಯುವಷ್ಟರಲ್ಲಿ ಹಿಂದೆ ನಾಲ್ಕಾರು ಜನ ಸೇರಿ, ಕೊಡೆ ಗುರುತಿನವರು ಯಾರು, ಯಾವ ವಾರ್ಡು ಎಂದು ಚರ್ಚೆಗೆ ಇಳಿದಿದ್ದರು. ಒಬ್ಬರು ನನ್ನನ್ನೇ ಕೇಳಿದರು. ನಾನು ಗಂಭೀರವಾಗಿ, "ತಿಮ್ಮ ಅಂತ. ಕೆಳದಿ ಬದೀನವ್ರು" ಎಂದೆ. "ಒಳ್ಳೆ ಜನವೇನಾ?" "ತುಂಬಾ ಒಳ್ಳೆಯವ್ರು, ಪಾಪ, ಯಾವಾಗ್ಲೂ ಸೋಲ್ತಾರೆ." ಅವರು ಮರುಕದಿಂದ ಲೊಚಗುಟ್ಟಿದರು. ಅಪ್ಪ ಬಂದು ಕಿವಿ ಹಿಂಡಿ ಬಸ್ಸು ಹತ್ತಿಸಿದರು.

ನನ್ನ ಮಗಳು ಸಿಂಚನಾ ಈ ಕೆಲಸಕ್ಕೆ ಫ್ಯಾನ್ ಆರ್ಟ್ ಎಂಬ ಹೆಸರಿದೆ ಎಂದು ತಿಳಿಸಿದಾಗ ನನಗೆ ತಡವಾಗಿ ಪದವಿ ಸಿಕ್ಕಂತಾಯಿತು. ಅವಳು ತೀರ್ಥಹಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಓದುತ್ತಿದ್ದಾಳೆ ಎನ್ನುವುದು ಹಾಸ್ಟೆಲಿನ ವಾರ್ಡನ್ನರ ನಂಬಿಕೆ. ನಾನು ನೋಡಿದಾಗೆಲ್ಲ ಅವಳು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬುತ್ತಿರುತ್ತಾಳೆ. ದೂರದಿಂದ ನೋಡಿದರೆ ಆ ಚೌಕಗಳೆಲ್ಲ ಸೇರಿ ಒಬ್ಬ ಯೋಧ, ಒಂದು ರಾಕ್ಷಸ, ಒಂದು ಹಾರುವ ಬೆಕ್ಕು. ಎಲ್ಲವೂ ಹಳೆಯ ವಿಡಿಯೋ ಗೇಮುಗಳವು, ಅವಳು ಹುಟ್ಟುವ ಮೊದಲೇ ಅಟ್ಟ ಸೇರಿದಂಥವು. ಈಗಿನ ಆಟಗಳಲ್ಲಿ ಹುಲ್ಲಿನ ಎಸಳೂ ಅಲುಗಾಡುವುದು ಕಾಣುತ್ತದಂತೆ. ಅದು ಇವಳಿಗೆ ಬೇಡ. ದಪ್ಪ ದಪ್ಪ ಚೌಕದ ಮುಖಗಳೇ ಬೇಕು. ಗೆಳತಿಯರ ಮೊಬೈಲಿನ ಹಿಂಬದಿಗೆ, ನೋಟ್ಸಿನ ರಟ್ಟಿಗೆ, ಹಾಸ್ಟೆಲಿನ ಬಾಗಿಲಿಗೆ ಅವನ್ನೇ ಅಂಟಿಸಿದ್ದಾಳೆ. ಎಕ್ಸ್ ಅಕ್ಷ, ವೈ ಅಕ್ಷ ಎಂದು ಜೀವಮಾನವಿಡೀ ಗ್ರಾಫ್ ಹಾಳೆಯನ್ನು ಪೂಜಿಸಿದ ನನ್ನಂಥವಳ ಹೊಟ್ಟೆಯಲ್ಲಿ ಇಂಥ ಮಗಳು.

"ಇನ್ನೊಬ್ರು ಮಾಡಿದ ಗೊಂಬೇನ ನೀನು ಯಾಕೆ ಮತ್ತೆ ಬರೀತೀಯೇ?" ಎಂದು ದಸರಾ ರಜೆಗೆ ಬಂದಾಗ ಒಮ್ಮೆ ಕೇಳಿದೆ.

"ಅವ್ರು ಬರೀದೇ ಬಿಟ್ಟಿದ್ದನ್ನ ನಾವು ಬರೀತೀವಿ ಅಮ್ಮ" ಎಂದಳು. "ಆಟದಲ್ಲಿ ಈ ಯೋಧ ಬರೀ ಹೊಡ್ದಾಡ್ತಾನೆ. ಒಂದಿನಾನೂ ಕೂತು ಊಟ ಮಾಡಲ್ಲ. ನೋಡು, ನಾನು ಅವ್ನಿಗೆ ಕಡುಬು ಕೊಟ್ಟಿದ್ದೀನಿ."

ನಿಜ. ಕತ್ತಿಯನ್ನು ಪಕ್ಕಕ್ಕಿಟ್ಟು ಯೋಧ ಎಲೆಯ ಮುಂದೆ ಕೂತಿದ್ದ. ಆ ಗಳಿಗೆಯಲ್ಲೇ ಇರಬೇಕು, ನಾನು ಕೊಡೆ ತಿಮ್ಮನ ವಿಷಯ ಎತ್ತಿದ್ದು. ಅವಳು ಮೊಬೈಲಿನಲ್ಲಿ ಹುಡುಕಿದಳು, ಹಳೆಯ ಆಟಗಳ ಭಕ್ತರ ಗುಂಪುಗಳಲ್ಲಿ ಕೇಳಿದಳು. ಯಾವ ದೇಶದಲ್ಲಿಯೂ ಯಾರೂ ತಿಮ್ಮನನ್ನು ಕಂಡವರಿಲ್ಲ.

"ಅಂಥ ಗೇಮೇ ಇಲ್ಲ ಅಮ್ಮ. ಕನಸು ಬಿದ್ದಿರ್ಬೇಕು ನಿಂಗೆ."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಕ್ಯಾಸೆಟ್ಟು ಯಾವಾಗಲೋ ಕಳೆದುಹೋಗಿದೆ, ಮಾವ ತೀರಿಕೊಂಡಿದ್ದಾರೆ, ಇನ್ನು ಸಾಕ್ಷಿಗೆ ಯಾರನ್ನು ಕರೆಯಲಿ? "ಬೇಕಾದ್ರೆ ಬಂಗಾರತ್ತೆಯನ್ನ ಕೇಳು" ಎಂದೆ.

ಗಣಪತಿ ಭಾವನ ಫೋನು ಬಂದದ್ದು ಅದೇ ದಸರಾ ರಜೆಯಲ್ಲಿ. "ಸುಧಾ, ಒಂಚೂರು ಬಂದು ಹೋಗ್ತೀಯಾ? ಅಮ್ಮ ಈ ಸಲ ಬುಟ್ಟಿ ಬರಿಯಲ್ಲ ಅಂತ ಕೂತಿದ್ದಾಳೆ. ಸಮಾ ಊಟಾನೂ ಮಾಡ್ತಿಲ್ಲ."

ಬುಟ್ಟಿ ಎಂದರೆ ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆಯ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿ, ತೆನೆಯನ್ನು ಒಳಗೇ ಹೊತ್ತಿರುತ್ತದೆ. ಅಂದರೆ ಭೂಮಿತಾಯಿ ಬಸುರಿ. ಅವಳಿಗೆ ಬಯಕೆಯ ಅಡಿಗೆ ಮಾಡಿ ಬೆಳಕು ಹರಿಯುವ ಹೊತ್ತಿಗೆ ಗದ್ದೆಗೆ ಒಯ್ದು ಬಡಿಸುತ್ತೇವೆ. ಅದನ್ನು ಒಯ್ಯುವ ಬಿದಿರ ಬುಟ್ಟಿಗೆ ನಮ್ಮ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದು, ಅಕ್ಕಿಯನ್ನು ನೆನೆಸಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರಿನ ಕುಂಚ, ಕೂದಲಿನಷ್ಟು ಸಪೂರದ ಗೆರೆ. ಏಣಿ, ತೆನೆ, ಕೋಳಿಹೆಜ್ಜೆ, ಜೋಡಿ ಗೊಂಬೆ. ಬಂಗಾರತ್ತೆ ಬರೆದ ಗೆರೆಯನ್ನು ನೋಡಿ ಸುತ್ತಲಿನ ಊರಿನ ಹೆಂಗಸರು ತಮ್ಮ ಗೆರೆಯನ್ನು ತಿದ್ದಿಕೊಳ್ಳುತ್ತಿದ್ದರು. ಅಂಥ ಕೈಗೆ ಈಗ ಒಂದೆರಡು ವರ್ಷದಿಂದ ನಡುಕ ಬಂದಿದೆ. ಚಾ ಲೋಟ ಹಿಡಿದರೆ ಬಸಿಯಲ್ಲೇ ಅರ್ಧ. ಹೋದ ವರ್ಷದ ಬುಟ್ಟಿಯ ಏಣಿಯ ಮೆಟ್ಟಿಲುಗಳು ಒಂದರ ಮೇಲೊಂದು ಬಿದ್ದಿದ್ದವು. ಯಾರೂ ಏನೂ ಅನ್ನಲಿಲ್ಲ. ಆದರೆ ಅತ್ತೆ ನೋಡಿದ್ದರು.

ನಾವು ತಾಯಿ ಮಗಳು ಹೋದಾಗ ಜಗಲಿಯಲ್ಲಿ ಒಂದು ಬುಟ್ಟಿ ಮಿರಮಿರ ಮಿಂಚುತ್ತಿತ್ತು. ಭಾವ ಸಾಗರದಿಂದ ತಂದದ್ದು, ಎನಾಮೆಲ್ ಪೇಂಟಿನಲ್ಲಿ ಚಿತ್ತಾರ ಬರೆದ ರೆಡಿಮೇಡ್ ಬುಟ್ಟಿ. ಅಮ್ಮನಿಗೆ ಕಷ್ಟ ಕೊಡಬಾರದು ಎಂಬ ಪ್ರೀತಿಯಿಂದಲೇ ತಂದಿದ್ದ. ಅತ್ತೆ ಅದಕ್ಕೆ ಬೆನ್ನು ಹಾಕಿ ಕೂತಿದ್ದರು.

"ನೀನೇ ಹೇಳೇ ಸುಧಾ. ಬಸ್ರಿ ಹೆಂಗ್ಸಿಗೆ ಬಯ್ಕೆ ಊಟ ಹೋಟ್ಲಿಂದ ತರಿಸ್ತಾರಾ?"

"ಊಟ ಮನೇದೇ ಅಲ್ವಾ ಅಮ್ಮ. ಬುಟ್ಟಿ ಒಂದು ತಂದಿದ್ದು" ಎಂದ ಭಾವ.

"ಎಲೆ ಹಾಕೋದೂ ಊಟದ್ದೇ ಕಣೋ." ಅತ್ತೆ ತಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಹೋಗ್ಲಿ ಬಿಡಿ. ನನ್ನ ಕೈ ಮುಗೀತು. ಎಂತದಾದ್ರೂ ತಗಂಡು ಹೋಗಿ. ನಾನು ಗದ್ದೆಗೆ ಬರಲ್ಲ."

ಗದ್ದೆಗೆ ಬರುವುದಿಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಮದುವೆಯಾಗಿ ಬಂದಾಗಿನಿಂದ ಅವರು ತಪ್ಪಿಸಿದ್ದಿಲ್ಲ. ಮಾವ ತೀರಿಕೊಂಡ ವರ್ಷವೂ ಬುಟ್ಟಿ ಬರೆದಿದ್ದರು. ಆಗ ಸಿಂಚನಾ, ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದರ ಪರಿವೆಯೇ ಇಲ್ಲದವಳ ಹಾಗೆ, ಗ್ರಾಫ್ ಹಾಳೆ ಹಿಡಿದು ಅತ್ತೆಯ ಎದುರು ಕೂತಳು.

"ಅಜ್ಜಿ, ಕೊಡೆ ತಿಮ್ಮ ಅಂತ ಒಬ್ಬ ನಿಜ್ವಾಗ್ಲೂ ಇದ್ನಾ?"

ಅತ್ತೆ ತಲೆಯೆತ್ತಿದರು. "ಇದ್ನಾ ಅಂದ್ರೆ ಎಂತದೇ? ಈ ಜಗ್ಲಿ ಮೇಲೇ ಇದ್ದ. ಎಷ್ಟು ಸಲ ಹೊಳೆಗೆ ಬಿದ್ದ, ಪಾಪದವ್ನು!"

ನಾನು ಮಗಳ ಕಡೆ ವಿಜಯದ ನೋಟ ಬೀರಿದೆ. ಅವಳು ನೋಡಲಿಲ್ಲ. ಪೆನ್ಸಿಲ್ ತೆಗೆದಿದ್ದಳು.

ಕೊಡೆ ಯಾವ ಕೈಯಲ್ಲಿತ್ತು? ಬಲಗೈ ಎಂದೆ ನಾನು. "ಸುಮ್ನಿರೇ, ಎಡಗೈ. ಬಲಗೈ ಬೀಸ್ಕಂಡು ಹೋಗ್ತಿದ್ದ" ಎಂದರು ಅತ್ತೆ. ಮೂಗು? "ಅಷ್ಟುದ್ದ ಇಲ್ಲ. ಒಂದೇ ಚೌಕ. ಹಾಂ. ಹೊಟ್ಟೆಗೆ ಇನ್ನೊಂದು ಸಾಲು ಹಾಕು, ಡುಮ್ಮ ಅವ್ನು." ಕೊಡೆಯ ಬಣ್ಣ? ನಮ್ಮದು ಬ್ಲಾಕ್ ಅಂಡ್ ವೈಟ್ ಟಿವಿ. ಅತ್ತೆ, "ಬಿಳಿ ಅಂತ್ಲೇ ಇಟ್ಕಾ" ಎಂದರು. ನಾವು ಕಿತ್ತಾಡುತ್ತಿರುವಂತೆಯೇ ಆ ಹಾಳೆಯ ಮೇಲೆ ಅವನು ಎದ್ದು ನಿಂತುಬಿಟ್ಟ. ಅದೇ ಹೊಟ್ಟೆ, ಅದೇ ಮೊಂಡು ಮೂಗು. ಭಾವ ಬಗ್ಗಿ ನೋಡಿ, "ಓ! ನಮ್ಮ ತಿಮ್ಮ ಅಲ್ಲನಾ!" ಎಂದು ಕೂಗಿಯೇಬಿಟ್ಟ.

ಅತ್ತೆ ನೋಡುತ್ತಿದ್ದದ್ದು ಮಾತ್ರ ತಿಮ್ಮನನ್ನಲ್ಲ, ಸಿಂಚನಾಳ ಬೆರಳುಗಳನ್ನು.

"ನಿನ್ನ ಕೈ ಅಲ್ಗಾಡದೆ ನಿಂತಿದೆ" ಎಂದರು. "ಬುಟ್ಟಿ ಬರೀತೀಯಾ?"

ಮಗಳು ನನ್ನ ಮುಖ ನೋಡಿದಳು. "ನಂಗೆ ಚಿತ್ತಾರ ಬರಲ್ಲ ಅಜ್ಜಿ. ನಂದು ಬರೀ ಗೇಮಿನ ಗೊಂಬೆ."

"ಗೆರೆ ನಾನು ಹೇಳ್ತೀನಿ, ನೀನು ಎಳಿ. ಕಡೇ ಸಾಲು ಮಾತ್ರ ನಿಂದು, ಎಂತ ಬೇಕಾದ್ರೂ ಬರ್ಕಾ. ನಮ್ಮತ್ತೆ ನಂಗೂ ಹಂಗೇ ಬಿಟ್ಟಿದ್ರು. ತಾಳಗುಪ್ಪದ ರೈಲು ಬರ್ದಿದ್ದೆ ನಾನು. ಆಗಿನ್ನೂ ರೈಲು ಹತ್ತಿರ್ಲಿಲ್ಲ. ಹತ್ತೋಕೆ ಆಸೆ, ಅದ್ಕೇ ಬರ್ದೆ. ಕಿಟಕೀಲಿ ಕೂತಿದ್ದು ನಾನೇಯಾ."

ನಲವತ್ತು ದಾಟಿದ ನನಗೆ ಈ ರೈಲಿನ ವಿಷಯ ಅವತ್ತೇ ಗೊತ್ತಾದದ್ದು. ಭಾವನಿಗೂ ಗೊತ್ತಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ.

ಮರುದಿನವೇ ಹಬ್ಬದ ಮುಂಚಿನ ದಿನ. ಹಳೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿಯಾಯಿತು. ಅತ್ತೆ ಮಂಚದ ಮೇಲೆ ಕೂತು ಬಾಯಲ್ಲೇ ಗೆರೆ ಎಳೆದರು, ಸಿಂಚನಾ ನೆಲದ ಮೇಲೆ ಕೂತು ಕೈಯಲ್ಲಿ ಎಳೆದಳು. ಮೊದಲ ಸಾಲಿಗೆ ಬೈಸಿಕೊಂಡಳು. ಎರಡನೆಯದಕ್ಕೆ ಬೈಗುಳ ಕಮ್ಮಿಯಾಯಿತು. ಬಿದಿರಿನ ಹೆಣಿಗೆ ತಾನೇ ಚೌಕ ಚೌಕವಾಗಿರುವುದನ್ನು ಕಂಡು ಅವಳು, "ಅಜ್ಜಿ, ಇದು ಗ್ರಾಫೇ ಅಲ್ವಾ!" ಎಂದು ಕುಣಿದಳು. ಗ್ರಾಫ್ ಎಂದರೇನೆಂದು ಅತ್ತೆ ಕೇಳಲಿಲ್ಲ. "ಹೂಂ, ಕುಣೀಬೇಡ, ಹಿಟ್ಟು ಚೆಲ್ತದೆ" ಎಂದರು. ಕಡೆಯ ಸಾಲಿನ ಹೊತ್ತಿಗೆ ಅತ್ತೆ ಹಬ್ಬದಡಿಗೆಗೆ ಸೊಪ್ಪು ಕೊಯ್ಯಲು ಹಿತ್ತಿಲಿಗೆ ಹೋದರು. ನಾನೂ ಜೊತೆಗೆ ಹೋದೆ. ಬರುವಷ್ಟರಲ್ಲಿ ಸಂಜೆಯಾಗಿ ಜಗಲಿಯ ಬಲ್ಬು ಹಾಕಿದ್ದರು. ಸಿಂಚನಾ ಕೈಯೆಲ್ಲ ಹಿಟ್ಟು ಮಾಡಿಕೊಂಡು, "ಮುಗೀತು!" ಎಂದಳು.

ಅಂಚಿನ ಸುತ್ತಲೂ ಹೊಳೆ, ಆಮೆ, ದಿಮ್ಮಿ. ಕೊಡೆ ಹಿಡಿದು ಹೊರಟ ತಿಮ್ಮ. ಕಾಗೆಯೂ ಇತ್ತು. ಚೆಂದವೆಂದರೆ ಚೆಂದ. ಅತ್ತೆ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಬಾಯಿ ಮೇಲಾಗಿ ತಿರುಗಿಸಿ ಇಟ್ಟರು.

ತಿಮ್ಮ ತಲೆಕೆಳಗಾಗಿ ನೇತಾಡುತ್ತಿದ್ದ.

ಆಗಿದ್ದಿಷ್ಟೆ. ಹುಡುಗಿ ಬುಟ್ಟಿಯನ್ನು ನೆಲದ ಮೇಲೆ ಬೋರಲು ಹಾಕಿಕೊಂಡು ಬರೆದಿದ್ದಾಳೆ. ಅವಳ ನೆಲವೇ ಬುಟ್ಟಿಯ ಬಾಯಿ. ಏಣಿಗೆ ಮೇಲೂ ಒಂದೇ ಕೆಳಗೂ ಒಂದೇ, ತೆನೆ ಹೇಗಿದ್ದರೂ ಬಾಗುವುದೇ. ಹಾಗಾಗಿ ಅಲ್ಲಿಯತನಕ ಯಾರಿಗೂ ಗೊತ್ತಾಗಲಿಲ್ಲ. ಸಿಂಚನಾ ಅಳಿಸಲೆಂದು ಬಟ್ಟೆ ಎತ್ತಿಕೊಂಡಳು. ಅಳಿಸಿದರೆ ಮತ್ತೆ ಕೆಮ್ಮಣ್ಣು ಬಳಿಯಬೇಕು, ಅದು ಒಣಗಬೇಕು, ಬೆಳಕು ಹರಿಯುವ ಮೊದಲು ಬುಟ್ಟಿ ಗದ್ದೆಗೆ ಹೊರಡಬೇಕು. ಭಾವ ಮೆಲ್ಲಗೆ ಕೆಮ್ಮಿ, "ಅದಲ್ಲ, ಆ ರೆಡಿಮೇಡು ಹೆಂಗೂ..." ಎಂದು ಶುರು ಮಾಡಿ, ತಾಯಿಯ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ.

ನನಗೆ ಭಯವಾಗಿತ್ತು. ಎಷ್ಟೋ ದಿನದ ಮೇಲೆ ಬುಟ್ಟಿಯ ಹತ್ತಿರ ಬಂದ ಮುದುಕಿ ಈಗ ಎದ್ದು ಒಳಗೆ ಹೋದರೆ ಮತ್ತೆ ಈಚೆ ಬರುವವರಲ್ಲ. ಅತ್ತೆ ಬುಟ್ಟಿಯನ್ನು ಸುತ್ತ ತಿರುಗಿಸಿ ತಿರುಗಿಸಿ ನೋಡಿದರು. ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗು! ಸೆರಗು ಬಾಯಿಗೆ ಅದುಮಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಆ ಕಾಗೆ ಕೈಲಿ ಆಗ್ದೇ ಇದ್ದಿದ್ದು ನೀನು ಮಾಡ್ದೆ ಕಣೇ ಹುಡ್ಗಿ! ಸಮಾ ಮಗುಚಿ ಹಾಕ್ದೆ ಅವ್ನನ್ನ!"

"ಅಳಿಸಿ ಬರೀತೀನಿ ಅಜ್ಜಿ."

"ಎಂತಕ್ಕೆ? ಬುಟ್ಟಿ ಯಾರಿಗೆ ತಗಂಡು ಹೋಗದು? ಭೂಮ್ತಾಯಿಗೆ. ಅವ್ಳು ಇರದು ಎಲ್ಲಿ? ಕೆಳಗೆ. ಕೆಳಗಿಂದ ನೋಡೋರಿಗೆ ಅವ್ನು ನೆಟ್ಟಗೇ ಕಾಣ್ತಾನೆ."

ಗಣಿತದ ಟೀಚರಾಗಿ ನಾನು ಇದಕ್ಕೆ ಆಕ್ಷೇಪಣೆ ಎತ್ತಬಹುದಿತ್ತು. ಎತ್ತಲಿಲ್ಲ. ಅತ್ತೆ ಬುಟ್ಟಿಯನ್ನು ಮತ್ತೆ ಬೋರಲು ಹಾಕಿ, ತಿಮ್ಮನ ಮುಂದಿನ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿದರು.

"ಇಲ್ಲಿ ಎಂತಕ್ಕೆ ಬಿಟ್ಟೆ?"

"ಅಲ್ಲಿ ಮನೆ ಬರ್ಬೇಕು. ಮನೆ ಹೆಂಗಿತ್ತು ಅಂತ ಅಮ್ಮಂಗೂ ಗೊತ್ತಿಲ್ಲ, ಗಣಪತಿ ಮಾವಂಗೂ ಗೊತ್ತಿಲ್ಲ. ಯಾರೂ ನೋಡಿಲ್ವಂತೆ."

ಅತ್ತೆ ಬಲಗೈ ಚಾಚಿ, "ಆ ಕುಂಚ ಕೊಡು" ಎಂದರು.

ಕೊಟ್ಟ ಕುಂಚ ಅವರ ಕೈಯಲ್ಲಿ ಗಾಳಿಗೆ ಸಿಕ್ಕ ಹುಲ್ಲೆಸಳಿನ ಹಾಗೆ ಅಲುಗಾಡಿತು. ಸಿಂಚನಾ ಅವರ ಕೈ ಹಿಡಿಯಲು ಹೋಗಲಿಲ್ಲ, ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನ್ನ ಮಗಳು ಅಷ್ಟು ತಿಳಿದವಳು ಎಂದು ನನಗೆ ಗೊತ್ತಿರಲಿಲ್ಲ. ಒಂದು ಗೆರೆ ಮೇಲಕ್ಕೆ. ಒಂದು ಅಡ್ಡಕ್ಕೆ. ಒಂದು ಕೆಳಕ್ಕೆ. ಯಾವುದೂ ನೆಟ್ಟಗಿರಲಿಲ್ಲ. ನಡುವೆ ಒಂದು ಕದ, ಅರ್ಧ ತೆರೆದದ್ದು. ಹೊಸ್ತಿಲಿಗೆ ಒಂದು ಚುಕ್ಕೆ ರಂಗೋಲಿ. ಅದಿಷ್ಟಕ್ಕೆ ಅವರ ಹಣೆಯಲ್ಲಿ ಬೆವರು ಬಂದಿತ್ತು.

"ಸೊಟ್ಟ ಆಯ್ತು" ಎಂದರು.

"ಇರ್ಲಿ ಅಜ್ಜಿ" ಎಂದಳು ಸಿಂಚನಾ, ಒಂದು ಚೌಕ ಆಚೀಚೆಯಾದರೆ ಇಡೀ ಹಾಳೆಯನ್ನೇ ಹರಿದು ಹಾಕುವ ಹುಡುಗಿ.

"ಇರ್ಲಿ. ಮಳೆ ಹಿಡ್ದ ಮೇಲೆ ನಮ್ಮನೆ ಬಾಗ್ಲೂ ಉಬ್ಬಿ ಹಿಂಗೇ ಆಗ್ತದೆ." ಅತ್ತೆ ಬಗ್ಗಿ ಹಸಿ ಗೆರೆಯ ಮೇಲೆ ಊದಿದರು. ಮೊದಲಿನ ಉಸಿರು ಎಲ್ಲಿಂದ ಬರಬೇಕು? ಅರ್ಧಕ್ಕೇ ನಿಂತಿತು. "ಸುಧಾ, ನೀನು ಊದೇ. ಊದದು ಬಿಟ್ರೆ ಬೇರೆ ಎಂತ ಬರ್ತದೆ ನಿಂಗೆ."

ನಾನು ಊದಿದೆ. ಸಿಂಚನಾ ಊದಿದಳು. ಭಾವನೂ ಬಂದು ಬಗ್ಗಿ, ಆ ಹಳೆಯ ಸೀಟಿಯ ಉಸಿರಿನಲ್ಲಿ ಊದಿದ. ಗೆರೆ ನಿಧಾನವಾಗಿ ಒಣಗಿ ಬೆಳ್ಳಗಾಗುತ್ತ ಬಂತು. ತಿಮ್ಮನಿಗೂ ಬಾಗಿಲಿಗೂ ನಡುವೆ ಒಂದು ಹೆಜ್ಜೆ. ನಾನು ಅಭ್ಯಾಸಬಲದಿಂದ ತಲೆಯೆತ್ತಿ ಬಲ್ಬು ನೋಡಿದೆ. ಭಾವನೂ ಅದನ್ನೇ ನೋಡುತ್ತಿದ್ದ. ಕರೆಂಟು ಹೋಗಲಿಲ್ಲ.

ಬೆಳಿಗ್ಗೆ ಬುಟ್ಟಿ ತುಂಬ ಅಡಿಗೆ ಹೇರಿಕೊಂಡು ಭಾವ ಮುಂದೆ ನಡೆದ. ಅತ್ತೆ ಸಿಂಚನಾಳ ಹೆಗಲು ಹಿಡಿದುಕೊಂಡು ಗದ್ದೆಯ ಅಂಚಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ 'ಜಾರ್ತದೆ ಜಾರ್ತದೆ' ಎಂದು ನಮಗೇ ಎಚ್ಚರಿಕೆ ಹೇಳುತ್ತ ಬಂದರು. ದಾರಿಯಲ್ಲಿ ಸಿಕ್ಕ ಪಕ್ಕದ ಗದ್ದೆಯ ಹೆಂಗಸು ತಲೆಕೆಳಗಾದ ತಿಮ್ಮನನ್ನು ನೋಡಿ, "ಇದೆಂತ ಬಂಗಾರಕ್ಕ, ಹೊಸ ನಮೂನೆ?" ಎಂದು ಕೇಳಿದರು. "ಹೂಂ, ಮೊಮ್ಮಗಳು ಬರ್ದಿದ್ದು" ಎಂದರು ಅತ್ತೆ, ಬೇರೆ ವಿವರಣೆ ಕೊಡದೆ. ಪೂಜೆಯಾಯಿತು. ಭೂಮಿತಾಯಿಗೆ ಬಡಿಸಿ, ಗದ್ದೆಯಲ್ಲೇ ಕೂತು ನಾವೂ ಉಂಡೆವು. ತಿಮ್ಮ ಅವಳಿಗೆ ನೆಟ್ಟಗೆ ಕಂಡನೋ ಇಲ್ಲವೋ, ಅವಳೇ ಹೇಳಬೇಕು.

ಹೊರಡುವ ಹೊತ್ತಿಗೆ ಬಿಸಿಲು ಏರಿತ್ತು. ಭಾವ ಖಾಲಿ ಬುಟ್ಟಿಗೆ ಕೈ ಹಾಕಿದ. ಅತ್ತೆ ಅವನ ಕೈಯಿಂದ ಅದನ್ನು ಕಸಿದುಕೊಂಡು, "ಅವ್ಳದ್ದು ಅವ್ಳಿಗೆ ಕೊಟ್ಟಾತು. ಇನ್ನು ಬುಟ್ಟಿ ನಂದು" ಎಂದರು. ಆಮೇಲೆ, ಗದ್ದೆ ಕೆಲಸ ಮುಗಿಸಿ ಬರುವಾಗ ಹಿಂದೆಲ್ಲ ಮಾಡುತ್ತಿದ್ದ ಹಾಗೆ, ಬಿಸಿಲಿಗೆ ಮರೆಯಾಗಲೆಂದು ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮುಂದೆ ನಡೆದರು.

ಸಿಂಚನಾ ನನ್ನ ಕೈ ಜಗ್ಗಿದಳು. ಬೆರಳು ಮಾಡಿ ತೋರಿಸಿದಳು.

ಅತ್ತೆಯ ತಲೆಯ ಸುತ್ತ ಹೊಳೆ ಹರಿಯುತ್ತಿತ್ತು. ಹೊಳೆಯನ್ನು ದಾಟಿ, ಕಾಗೆಯನ್ನು ಹಿಂದಕ್ಕೆ ಬಿಟ್ಟು, ಎಡಗೈಯಲ್ಲಿ ಕೊಡೆ ಹಿಡಿದು, ಬಲಗೈ ಬೀಸಿಕೊಂಡು ತಿಮ್ಮ ನೆಟ್ಟಗೆ ನಡೆಯುತ್ತಿದ್ದ. ಅವನ ಮುಂದೆ ಆ ಸೊಟ್ಟ ಬಾಗಿಲು ಅರ್ಧ ತೆರೆದೇ ಇತ್ತು. ನಾವೆಲ್ಲ ಅವನ ಹಿಂದೆ ಮನೆಗೆ ಹೋದೆವು.